ಗಿಡ್ಡಿಯ ನಾಲ್ಕು ಸಾಲು

ಆ ಗೋವಿನಜೋಳದ ತಳಿಗೆ ಗಿಡ್ಡಿ ಎಂದು ಹೆಸರಿಟ್ಟವನು ಫಕೀರಪ್ಪ. ಕಂಪನಿಯ ಪುಸ್ತಕದಲ್ಲಿ ಅದಕ್ಕೆ ನಲವತ್ತೊಂದು ಎಂಬ ನಂಬರಿತ್ತು. ಎದೆಮಟ್ಟಕ್ಕೂ ಬೆಳೆಯದ, ಕಿರಿದಾದ ಎಲೆಯ, ನೋಡಿದವರು ಅಯ್ಯೋ ಅನ್ನುವಂಥ ಆ ಗಿಡವನ್ನು ಅವನು ನಂಬರಿನಿಂದ ಕರೆದದ್ದೇ ಇಲ್ಲ.

ರಾಣೆಬೆನ್ನೂರಿನ ಸುತ್ತಲ ಬೀಜದ ಪ್ಲಾಟುಗಳಲ್ಲಿ ಹೂವಿಗೆ ಹೂವು ಮುಟ್ಟಿಸುತ್ತ ಪಳಗಿದ ಕೈ ಅವನದು. ಒಮಾನಿಗೆ ಬಂದು ಹನ್ನೆರಡು ವರ್ಷ. ರುಸ್ತಾಕ್‌ನ ಬೆಟ್ಟಗಳನ್ನು ಬೆನ್ನಿಗೆ ಬಿಟ್ಟು ಕಡಲ ಕಡೆಗೆ ಇಳಿದರೆ ಸಿಗುವ ತೋಟದಲ್ಲಿ ಮೇವಿನ ಗೋವಿನಜೋಳದ ಹೈಬ್ರಿಡ್ ಬೀಜ ಬೆಳೆಸುವ ಕೆಲಸ. ತೆನೆಯ ತುದಿಯ ರೇಷ್ಮೆಯಂಥ ಎಳೆ ಹೊರಬರುವ ಮುಂಚೆಯೇ ಅದಕ್ಕೆ ಕಾಗದದ ಚೀಲ ತೊಡಿಸಬೇಕು. ಬಿಸಿಲೇರುವ ಮೊದಲು ಅದೇ ಗಿಡದ ನೆತ್ತಿಯ ಹೂವಿನ ಪುಡಿಯನ್ನು ಅದೇ ಗಿಡದ ಎಳೆಗೆ ಉದುರಿಸಬೇಕು, ಮತ್ತೆ ಮುಚ್ಚಿ ಚೀಲದ ಮೇಲೆ ತಾರೀಖು ಬರೆಯಬೇಕು. ಬೇರೆ ಗಿಡದ ಗಾಳಿ ಸೋಕಬಾರದು. ಹೀಗೆ ಎಂಟು ತಲೆಮಾರು. ಪ್ರತಿ ತಲೆಮಾರಿಗೂ ಗಿಡ ಕುಗ್ಗುತ್ತಲೇ ಹೋಯಿತು. ಆದರೆ ಇನ್ನೊಂದು ತಳಿಯ ಜೊತೆ ಕೂಡಿಸಿದರೆ ಅದರ ಮಗಳು ಆಳೆತ್ತರಕ್ಕೆ ಎದ್ದು ನಿಲ್ಲುತ್ತಿದ್ದಳು. ಅದಕ್ಕಿಂತ ಹೆಚ್ಚಾಗಿ, ಉಪ್ಪುನೀರಿಗೆ ಬೇರೆಲ್ಲ ತಳಿ ಸುಟ್ಟುಹೋದ ವರ್ಷ ಗಿಡ್ಡಿಯೊಂದೇ ಹಸಿರಾಗಿ ಉಳಿದಿತ್ತು.

“ಗಿಡ್ಡಿಗೆ ಟೊಪ್ಪಿಗಿ ಹಾಕಿ ಬಂದ್ರೇನು?” ಎಂದು ಹೆಂಡತಿ ಈರವ್ವ ದಿನಾ ಛೇಡಿಸುತ್ತಿದ್ದಳು. “ನನಗ ಜ್ವರ ಬಂದಾಗ ಒಮ್ಮೆರ ಇಷ್ಟು ಮುಚ್ಚಿ ಮಲಗಿಸಿದ್ರೇನ್ರೀ?”

ಎರಡು ಸಾವಿರದ ಹದಿನೈದು ಮುಗಿಯುವ ಹೊತ್ತಿಗೆ ಕಚ್ಚಾ ಎಣ್ಣೆಯ ಬೆಲೆ ಕುಸಿದು ಕೂತಿತ್ತು. ಮೇವಿನ ಬೀಜಕ್ಕೆ ಸರಕಾರದಿಂದ ಬರುತ್ತಿದ್ದ ಆರ್ಡರುಗಳು ನಿಂತವು. ತಳಿ ವಿಭಾಗವನ್ನು ಮುಚ್ಚುವ ಮಾತು ನಡೆದಾಗಲೇ ಹೊರದೇಶದ ಬೀಜದ ಕಂಪನಿಯೊಂದು ಗಿಡ್ಡಿಯನ್ನು ಕೇಳಿಕೊಂಡು ಬಂತು. ಅವರು ಕೊಂಡು, ಪೇಟೆಂಟ್ ಮಾಡಿಸಿ, ವಿಭಾಗವನ್ನು ಇನ್ನೂ ಎರಡು ವರ್ಷ ನಡೆಸುತ್ತಾರಂತೆ. ಹಾಗಾದರೆ ಗಿಡ್ಡಿಯೂ ಉಳಿಯುತ್ತಾಳೆ, ತಾನೂ ಉಳಿಯುತ್ತೇನೆ ಎಂದುಕೊಂಡ ಫಕೀರಪ್ಪ.

ಕಾಗದಪತ್ರ ನೋಡಲು ಆ ಕಂಪನಿಯಿಂದ ಪ್ಯಾಟ್ರಿಷಿಯಾ ಎಂಬ ಹೆಂಗಸು ಬಂದಳು. ಮಾತು ತಿಳಿಸಿಕೊಡಲು ತೋಟದ ಕಂಪನಿಯದೇ ರುಸೈಲ್‌ನ ಆಫೀಸಿನಿಂದ ಬಂದವನು ಉಡುಪಿ ಕಡೆಯ ಭೋಜರಾಜ. ಪ್ಯಾಟ್ರಿಷಿಯಾ ಫಕೀರಪ್ಪನ ಟಿಪ್ಪಣಿ ಪುಸ್ತಕಗಳನ್ನು ಒಂದೊಂದಾಗಿ ತಿರುವಿದಳು, ಮೆಚ್ಚಿ ತಲೆದೂಗಿದಳು. ಕೊನೆಗೆ ಒಂದು ಪ್ರಶ್ನೆ ಕೇಳಿದಳು.

“ಈ ಬೀಜ ತೋಟದ ಹೊರಗೆ ಯಾರ ಕೈಗಾದ್ರೂ ಹೋಗಿದೆಯಾ ಅಂತ,” ಎಂದ ಭೋಜರಾಜ.

“ಹೋಗೇತ್ರಿ. ಬಾಜೂ ತ್ವಾಟದ ಖಲ್ಫಾನ್ ಅಜ್ಜಗ ಒಂದ್ ಬೊಗಸಿ ಕೊಟ್ಟೀನಿ. ನಾಕ್ ಸಾಲ್ ಹಾಕ್ಯಾರ.”

ಭೋಜರಾಜನ ಪೆನ್ನು ನಿಂತಿತು. “ಎಂತದು? ಯಾಕೆ ಕೊಟ್ರಿ?”

“ಕಾಳು ಬಿಡಸಾಕತ್ತಾಗ ಬಂದಿದ್ರು ನೋಡ್ರಿ. ಕಣಕ್ಕ ಬಂದವರನ್ನ ಬರಿಗೈಲೆ ಹೆಂಗ ಕಳಸೋದ್ರಿ?”

ಅವನು ಯೋಚಿಸಿ ಕೊಟ್ಟದ್ದೂ ಅಲ್ಲ. ಚಾಪೆಯ ಮೇಲೆ ರಾಶಿ ಇತ್ತು, ಎದುರು ಒಬ್ಬ ಮುದುಕ ನಿಂತಿದ್ದ. ಅಪ್ಪ, ಅಜ್ಜ ಕಣದಲ್ಲಿ ಮಾಡುತ್ತಿದ್ದುದನ್ನೇ ಅವನ ಕೈಯೂ ಮಾಡಿತ್ತು. ಮುದುಕ ತಲೆಯ ಟೋಪಿ ತೆಗೆದು ಒಡ್ಡಿದ್ದ.

“ಮಾರಾಯ್ರೆ, ಇದು ನಿಮ್ಮ ಊರಿನ ಕಣ ಅಲ್ಲ. ಹೊರಗೆ ಹೋದ್ರೆ ಅದು ಹೊಸತು ಅಂತ ಆಗುದಿಲ್ಲ, ಪೇಟೆಂಟ್ ಸಿಗುದಿಲ್ಲ. ಪೇಟೆಂಟ್ ಸಿಗದಿದ್ರೆ ಇವರು ತಗೊಳ್ಳುದಿಲ್ಲ. ಮತ್ತೆ ನೀವೂ ಖಲಾಸ್, ನಿಮ್ಮ ಗಿಡ್ಡಿಯೂ ಖಲಾಸ್. ಗೊತ್ತುಂಟಾ?”

ಹೀಗಂದವನೇ ಪ್ಯಾಟ್ರಿಷಿಯಾಳ ಕಡೆ ತಿರುಗಿ ನಕ್ಕ. “ನೋ, ಮೇಡಂ. ನೋಬಡಿ.”

ಆ ಮಾತು ತಿಳಿಯದಷ್ಟು ಇಂಗ್ಲಿಷು ಬಾರದವನೇನಲ್ಲ ಫಕೀರಪ್ಪ. ಬೀಜ ಹೊರಗೆ ಹೋಗಿಲ್ಲ ಎಂದಿದ್ದ ಕಾಗದದಲ್ಲಿ ತೋರಿಸಿದ ಕಡೆ ಸಹಿ ಹಾಕಿದ. ಹೊರಡುವಾಗ ಭೋಜರಾಜ ಕಾರಿನ ಗಾಜು ಇಳಿಸಿದ. “ನಾಡಿದ್ದು ಸುತ್ತಲಿನ ತೋಟ ಎಲ್ಲ ನೋಡ್ತಾರಂತೆ. ಆ ನಾಲ್ಕು ಸಾಲು ಅಲ್ಲಿ ಇರಬಾರ್ದು, ಆಯ್ತಾ?”

ಸಂಜೆ ಈರವ್ವನಿಗೆ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಕೊಟ್ಟ ಕೈಲೆ ಹೆಂಗ್ರೀ ಕೇಳ್ತೀರಿ?” ಎಂದಳು. ಆಮೇಲೆ ತಾನೇ, “ಕೇಳ್ರಿ. ಊರಿಗೆ ಹೋಗಿ ಏನ್ ಮಾಡೂನು?” ಎಂದಳು. ಆ ದಿನ ಅವಳು ಗಿಡ್ಡಿಯ ಮಾತು ತೆಗೆದು ಛೇಡಿಸಲಿಲ್ಲ.

ಮರುದಿನ ಬೆಳಗ್ಗೆ ಅವನು ಪಕ್ಕದ ತೋಟಕ್ಕೆ ಹೋದ. ಖಲ್ಫಾನನ ಬಾವಿಗೆ ಕಡಲ ಉಪ್ಪು ಇಳಿದು ಆರು ವರ್ಷವಾಗಿತ್ತು. ಖರ್ಜೂರದ ಮರಗಳ ಗರಿ ತುದಿಯಿಂದ ಒಣಗುತ್ತಿತ್ತು. ನೆಲ ಸುಣ್ಣ ಚೆಲ್ಲಿದ ಹಾಗಿತ್ತು. ಅದರ ನಡುವೆ ಗಿಡ್ಡಿಯ ನಾಲ್ಕು ಸಾಲು ಹಸಿರಾಗಿ ನಿಂತಿತ್ತು, ತೆನೆಯಲ್ಲಿ ಎಳೆ ಆಗಷ್ಟೇ ಇಣುಕಿತ್ತು. ಮುದುಕ ಎಳೆಗಳನ್ನು ಮುಟ್ಟಿ ತೋರಿಸಿ, “ದೇಖೋ ಫಕೀರ್, ತುಮ್ಹಾರಾ ಲಡ್ಕೀ,” ಎಂದು ಮಗಳನ್ನು ಅಪ್ಪನಿಗೆ ತೋರಿಸುವವನಂತೆ ಬೊಚ್ಚುಬಾಯಿ ತೆರೆದು ನಕ್ಕ.

ಫಕೀರಪ್ಪ ಬಂದ ಕೆಲಸ ಹೇಳಿದ. ಹರಕುಮುರುಕು ಹಿಂದಿಯಲ್ಲಿ, ನೆಲ ನೋಡುತ್ತ ಹೇಳಿದ. ಮುದುಕನಿಗೆ ಮೊದಲ ಸಲ ತಿಳಿಯಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು.

“ತುಮ್ ದಿಯಾ,” ಎಂದ ಖಲ್ಫಾನ್. ಕೊಟ್ಟವನೇ ಈಗ ತಿರುಗಿ ಕೇಳುತ್ತಾನೆಯೇ ಎಂಬಂತೆ ನೋಡಿದ. “ಅಬ್ ತುಮ್ ಲೇಗಾ?”

“ಹಾಂ, ಬಾಬಾ.”

“ಜಮೀನ್ ಮೇರಾ. ಪಾನೀ ಮೇರಾ.”

ಮುದುಕ ಸಾಲುಗಳ ಉದ್ದಕ್ಕೂ ಒಮ್ಮೆ ನಡೆದು ಬಂದ. ಆಮೇಲೆ “ಯಲ್ಲಾ,” ಎಂದು, ಹೋಗು ಕಿತ್ತುಕೋ ಎಂಬಂತೆ ಕೈ ಬೀಸಿ, ಬೆನ್ನು ಹಾಕಿ ಮನೆಯೊಳಗೆ ಹೋದ.

ಫಕೀರಪ್ಪ ಒಬ್ಬನೇ ಕಿತ್ತ. ಉಪ್ಪುನೆಲದಲ್ಲಿ ಬೇರು ಅವನೆಣಿಸಿದ್ದಕ್ಕಿಂತ ಆಳಕ್ಕಿಳಿದಿತ್ತು. ಗಿಡಗಳನ್ನು ಆಡುಗಳ ಮುಂದೆ ಹಾಕಿ, ಬಿತ್ತಿ ಮೊಳೆಯದೆ ಉಳಿದ ಕಾಳೂ ಇರಬಾರದೆಂದು ಸಾಲಿನುದ್ದಕ್ಕೂ ಮಣ್ಣು ಕೆದಕಿ ನೋಡಿದ. ಕೈ ತೊಳೆದು ಹೊರಡುವಾಗ ಮುದುಕ ಬಾಗಿಲಿಗೆ ಬಂದ. ಮುಖ ನೋಡಲಿಲ್ಲ. ಒಂದು ಪೊಟ್ಟಣ ಖರ್ಜೂರ ಅವನ ಕೈಗೆ ತುರುಕಿ ಬಾಗಿಲು ಹಾಕಿಕೊಂಡ.

ಪೊಟ್ಟಣ ಅಡುಗೆಮನೆಯ ಕಪಾಟಿನಲ್ಲೇ ಉಳಿಯಿತು. ಈರವ್ವ ತೆರೆಯಲಿಲ್ಲ, ಅವನೂ ಕೇಳಲಿಲ್ಲ.

ಫೆಬ್ರವರಿಯಲ್ಲಿ ಗಿಡ್ಡಿಯ ಬೀಜವೆಲ್ಲ ಪೆಟ್ಟಿಗೆಗಳಲ್ಲಿ ವಿಮಾನ ಹತ್ತಿತು, ಜೊತೆಗೆ ಟಿಪ್ಪಣಿ ಪುಸ್ತಕಗಳೂ. ಮಾರ್ಚಿನಲ್ಲಿ ತಣ್ಣನೆಯ ಬೀಜದ ಕೋಣೆಯ ಯಂತ್ರವನ್ನು ಆರಿಸಿ ವಿಭಾಗವನ್ನು ಮುಚ್ಚಿದರು. ಎರಡು ವರ್ಷದ ಮಾತು ಕಾಗದದಲ್ಲಿ ಇರಲಿಲ್ಲವಂತೆ. ಭೋಜರಾಜ ಫೋನು ಮಾಡಿ, “ಸಾರಿ ಮಾರಾಯ್ರೆ, ನಂದೂ ಈ ತಿಂಗಳೇ ಕಡೆ,” ಎಂದ. ಅವನ ಮೇಲೆ ಸಿಟ್ಟು ಮಾಡಲೂ ಫಕೀರಪ್ಪನಿಂದ ಆಗಲಿಲ್ಲ.

ಊರಿಗೆ ಹೊರಡುವ ಹಿಂದಿನ ದಿನ ಅವನು ಬೀಜದ ಕೋಣೆಗೆ ಹೋದ. ಖಲ್ಫಾನನಿಗೆ ಕೊಡಲು ನಾಲ್ಕು ಕಾಳು ಸಿಕ್ಕರೆ ಸಾಕಿತ್ತು. ಕಪಾಟುಗಳ ಸಂದಿ, ಚೀಲಗಳ ಹೊಲಿಗೆ, ಕೊನೆಗೆ ತನ್ನ ಹಳೆಯ ಏಪ್ರನ್ನಿನ ಜೇಬನ್ನೂ ಹೊರಳಿಸಿ ನೋಡಿದ. ಒಂದು ಕಾಳೂ ಸಿಗಲಿಲ್ಲ. ಪೆಟ್ಟಿಗೆ ಕಟ್ಟುವ ದಿನ ಅಲ್ಲಿ ಕಸ ಹೊಡೆದವನೂ ಅವನೇ. ಅವನ ಕೆಲಸ ಯಾವತ್ತೂ ಚೊಕ್ಕಟ.