ಹೊಳೆಗಿಳಿದ ಹಸಿರು ಚುಕ್ಕಿ

ಬ್ಯಾಡಗಿಯ ರುದ್ರಮುನಿಯವರಿಗೆ ಐದು ಲಾರಿಗಳಿದ್ದವು. ಅವುಗಳಲ್ಲಿ ಮೆಣಸಿನಕಾಯಿ ಚೀಲ ಸಾಗಿಸುವುದೇ ಅವರ ಧಂದೆ. ಸಂಶಯ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. "ಎಲ್ಲಿದ್ದೀಯೋ ಬುಡನಸಾಬ?" ಎಂದು ಫೋನಿನಲ್ಲಿ ಕೇಳಿ, "ಮೋಟೆಬೆನ್ನೂರ ದಾಟೇನ್ರಿ ಸಾವಕಾರ್ರ" ಎಂಬ ಉತ್ತರವನ್ನು ನಂಬಿ, ನಿಶ್ಚಿಂತೆಯಿಂದ ಊಟಕ್ಕೆ ಕೂತು ವರ್ಷಗಳನ್ನೇ ಕಳೆದ ಮನುಷ್ಯ. ಬುಡನಸಾಬ ಅವರ ಹಳೆಯ ಡ್ರೈವರ್. ಆದರೆ ಈ ಮಳೆಗಾಲದಲ್ಲಿ ಪೇಟೆಯ ಯಾರೋ ಪುಣ್ಯಾತ್ಮರು, ಲಾರಿಯವರು ಖಾಲಿ ಬರುವಾಗ ಹೊಳೆಯ ಉಸುಕು ತುಂಬಿ ಮಾರಿಕೊಳ್ಳುತ್ತಾರೆ ಎಂದು ಅವರ ಕಿವಿಯಲ್ಲಿ ಊದಿ ಹೋದರು. ಅಂದಿನಿಂದ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಗಾಡಿಯ ಜಾಡು ಹಿಡಿಯುವ ಯಂತ್ರ ಮಾರುವವರು ಬಂದರು. ಹಾವೇರಿಯವನ ಯಂತ್ರ, ಗಾಡಿ ಎಲ್ಲಿದೆ ಎಂದಷ್ಟೇ ತೋರಿಸುತ್ತಿತ್ತು. ರಾಣೇಬೆನ್ನೂರಿನ ಮಧು ಮೊಬೈಲನ್ನೇ ಮುಂದೆ ಹಿಡಿದ. ನಕಾಶೆಯ ಮೇಲೆ ಹಸಿರು ಚುಕ್ಕಿ, ಅದರ ಕೆಳಗೆ ಕೆಂಪು ಬಟನ್ನು.

"ಇದನ್ನ ಒತ್ತಿದ್ರ ಏನಾಗತೈತಿ?"

"ಗಾಡಿ ಎಲ್ಲೇ ಇರಲಿ, ಎಂಜಿನ್ ಬಂದ್ ಆಗತೈತ್ರಿ. ನೀವು ಬಿಡೂತನಕ ಚಾಲೂ ಆಗೂದಿಲ್ಲ."

ಅಂಗಳದಲ್ಲಿ ಗುರುಗುಟ್ಟುತ್ತಿದ್ದ ಲಾರಿಯ ಮೇಲೆ ಪರೀಕ್ಷೆ ನಡೆಯಿತು. ರುದ್ರಮುನಿ ಒಂದು ಕೈಯಲ್ಲಿ ಚಹಾ ಹಿಡಿದು ಇನ್ನೊಂದರಿಂದ ಒತ್ತಿದರು. ಗಂಟಲು ಹಿಸುಕಿದಂತೆ ಲಾರಿ ಸುಮ್ಮನಾಯಿತು. ಸ್ವಂತ ಮನೆಯಲ್ಲಿ ಹೆಂಡತಿಯ ಧಾರಾವಾಹಿಯನ್ನು ಬಂದ್ ಮಾಡುವ ಅಧಿಕಾರವೂ ಇಲ್ಲದ ಗಂಡಸಿಗೆ ಅದು ಎಂಥ ಸುಖವೆಂಬುದು ನಮ್ಮಂಥವರಿಗಷ್ಟೇ ಗೊತ್ತು.

"ಇದನ್ನ ಕೂಡಿಸು," ಎಂದರು. "ಆದ್ರ ಈ ಬಟನ್ನಿನ ಸುದ್ದಿ ಡ್ರೈವರಗೋಳಿಗೆ ಹೇಳಬ್ಯಾಡ."

ಹೆಂಡತಿ ಸುಧಾರಾಣಿ ಬಾಗಿಲಲ್ಲೇ ನಿಂತಿದ್ದರು. "ಫೋನ್ ಹಚ್ಚಿ ಕೇಳಿದ್ರ ಆಗೂದಿಲ್ಲೇನ್ರಿ?"

"ಮನಷ್ಯಾ ಸುಳ್ಳ ಹೇಳತಾನ. ಚುಕ್ಕಿ ಹೇಳೂದಿಲ್ಲ."

ಐದೂ ಲಾರಿಗೆ ಯಂತ್ರ ಕೂತು ವಾರವಾಗಿತ್ತು. ಒಂದು ಮಧ್ಯಾಹ್ನ ಟಿವಿಯಲ್ಲಿ, ಮೇಲೆ ಮಳೆ ಜೋರಾಗಿ ಅಣೆಕಟ್ಟಿನ ಗೇಟು ತೆಗೆದಿದ್ದಾರೆ, ಹೊಳೆಯ ದಂಡೆಯವರು ಹುಷಾರಾಗಿರಬೇಕು ಎಂದು ಬರುತ್ತಿತ್ತು. ರುದ್ರಮುನಿಗೆ ಟಿವಿ ನೋಡುವ ಪುರುಸೊತ್ತಿಲ್ಲ. ಅವರು ಚುಕ್ಕಿ ನೋಡುತ್ತಿದ್ದರು. ಹರಿಹರದಲ್ಲಿ ಮಾಲು ಇಳಿಸಿ ಹೊರಳಿದ ಬುಡನಸಾಬನ ಚುಕ್ಕಿ, ಕುಮಾರಪಟ್ಟಣದ ಹತ್ತಿರ ಹೆದ್ದಾರಿ ಬಿಟ್ಟಿತು. ಮೆಲ್ಲಗೆ ಕೆಳಗಿಳಿಯಿತು. ನಕಾಶೆಯಲ್ಲಿ ನೀಲಿ ಬಣ್ಣವಿದ್ದಲ್ಲಿ ಹೋಗಿ ನಿಂತಿತು.

"ಸಿಕ್ಕಾ ಮಗಾ!" ಎಂದು ಒತ್ತಿಯೇ ಬಿಟ್ಟರು.

ಹೂರಣದ ಕೈಯಲ್ಲೇ ಸುಧಾರಾಣಿ ಹೊರಬಂದರು. "ಯಾರ ಸಿಕ್ರು?"

"ಬುಡನಸಾಬ. ಉಸುಕು ತುಂಬಾಕ ಹೊಳಿಗೆ ಇಳಿಸ್ಯಾನ."

"ನಾಳೆ ಅಮವಾಸಿ ಅಲ್ಲೇನ್ರಿ? ಪೂಜಾಕ್ಕ ಗಾಡಿ ಹೊಳ್ಯಾಗ ತೊಳಕೊಂಡ ಬರಬೇಕು ಅಂತ ಪದ್ಧತಿ ಹಾಕಿದವ್ರು ನೀವ! ನಾಳೆ ಅಲ್ಲಿ ಲಾರಿ ಗದ್ದಲ ಇರತೈತಿ ಅಂತ ಇವತ್ತ ಹೋಗ್ಯಾನ, ಪಾಪ."

ಒಳಗಿನ ಟಿವಿ ಅದೇ ಎಚ್ಚರಿಕೆಯನ್ನು ಮತ್ತೆ ಓದಿತು. ಈ ಸಲ ರುದ್ರಮುನಿಗೆ ಕೇಳಿಸಿತು. ಎಂಜಿನ್ ಬಿಡಲು ಮತ್ತೆ ಒತ್ತಿದರು. ಪರದೆಯ ಮೇಲೆ ಒಂದು ಉಂಗುರ ಗರಗರ ತಿರುಗತೊಡಗಿತು, ತಿರುಗುತ್ತಲೇ ಇತ್ತು. ಅಷ್ಟರಲ್ಲಿ ಫೋನ್ ಬಂತು.

"ಸಾವಕಾರ್ರ, ಗಾಡಿ ಹೊಳ್ಯಾಗ ಬಂದ್ ಬಿದ್ದೈತ್ರಿ. ಸೆಲ್ಫ ಹೊಡದು ಸಾಕಾತು. ನೀರ ಏರಾಕತ್ತೈತಿ."

"ಬಿಟ್ಟು ಹೊರಗ ಬಾರೋ!"

"ಹೆಂಗ ಬಿಡ್ಲಿರಿ? ಇಳಿಸಿದಾಂವ ನಾನು, ತಪ್ಪು ನಂದು. ಬರೂದಾದ್ರ ಗಾಡಿ ತಗೊಂಡ ಬರ್ತೇನಿ."

ಹೇಳದೆ ಇದ್ದರೆ ಆತ ಇಳಿಯುವುದಿಲ್ಲ. ಹೇಳಿದರೆ ಇನ್ನು ಮೇಲೆ ಆತನ ಮುಖ ನೋಡುವುದು ಹೇಗೆ?

"ತಪ್ಪು ನಿಂದಲ್ಲೋ. ಬಂದ್ ಮಾಡಿದಾಂವ ನಾನು. ಇಲ್ಲೇ ಕುಂತು."

ಆ ಕಡೆ ನೀರಿನ ಸದ್ದು ಜೋರಾಗುತ್ತಿತ್ತು.

"ಹಂಗೇನ್ರಿ," ಎಂದ ಬುಡನಸಾಬ. ಫೋನ್ ಕಟ್ಟಾಯಿತು.

ಎಂಜಿನ್ ಬಂದ್ ಎಂದೇ ಪರದೆ ಹೇಳುತ್ತಿತ್ತು. ಆದರೂ ಚುಕ್ಕಿ ಹೊರಟಿತು. ಬ್ಯಾಡಗಿಯ ಕಡೆಗಲ್ಲ, ಹೊಳೆಯ ನಡುವೆ, ಗಳಗನಾಥದ ದಿಕ್ಕಿಗೆ, ಯಾವ ಅವಸರವೂ ಇಲ್ಲದೆ. ಚುಕ್ಕಿಯೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎಂದು ತೋರಿಸುವ ಯಂತ್ರವನ್ನು ಹಾವೇರಿಯವನೂ ತಂದಿರಲಿಲ್ಲ, ರಾಣೇಬೆನ್ನೂರಿನವನೂ ತಂದಿರಲಿಲ್ಲ.

ಗುರುತಿಲ್ಲದ ನಂಬರಿನಿಂದ ಫೋನ್ ಬಂದಾಗ ಎತ್ತಲು ಅವರಿಗೆ ಧೈರ್ಯವಾಗಲಿಲ್ಲ. ಹೂರಣದ ಬೆರಳಿನಿಂದ ಸುಧಾರಾಣಿಯೇ ಎತ್ತಿ ಸ್ಪೀಕರಿಗೆ ಹಾಕಿದರು. ಯಾರದೋ ಫೋನಿನಿಂದ, ಹಲ್ಲು ಕಟಕಟಿಸುವ ಬುಡನಸಾಬನ ದನಿ:

"ನಾ ದಂಡಿ ಮ್ಯಾಲೆ ಅದೀನ್ರಿ. ಗಾಡಿ ಎತ್ತಾಗ ಹೊಂಟೈತಿ ಅಂತ ಮಾತ್ರ ನನ್ನ ಕೇಳಬ್ಯಾಡ್ರಿ ಸಾವಕಾರ್ರ. ನಿಮಗ ಅಲ್ಲೇ ಕಾಣತೈತೆಲ್ಲ."