ಗಿರಾಕಿ ಬಟ್ಟೆ ಮೈಗೆ ತಾಗಬಾರದು

ನಮ್ಮಕ್ಕನನ್ನು ಬೀದಿಯವರೆಲ್ಲ ಪಾಸ್‌ಪೋರ್ಟಮ್ಮ ಅಂತ ಕರೆಯುತ್ತಾರೆ. ಹನ್ನೊಂದು ವರ್ಷ ಒಂದು ಸ್ಟುಡಿಯೋದಲ್ಲಿ ನಿಂತು, "ಗಲ್ಲ ಸ್ವಲ್ಪ ಮೇಲೆ, ಕಣ್ಣು ಮಿಟುಕಿಸಬೇಡಿ" ಎನ್ನುತ್ತ ಊರಿನ ಅರ್ಧ ಜನರ ಮುಖವನ್ನು ಹೆಬ್ಬೆರಳುದ್ದದ ಚೌಕದೊಳಗೆ ಕೂರಿಸಿದವಳು ಅವಳು. ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಅದಕ್ಕೆ ಅವಳಿಗೆ ಬೇಜಾರೂ ಇಲ್ಲ. ಬೇಜಾರೆಲ್ಲ ನನಗೆ. ತಮ್ಮನಾಗಿ ಹುಟ್ಟಿದ ತಪ್ಪಿಗೆ ಅವಳ ದೀಪ, ಸ್ಟ್ಯಾಂಡು, ಬೆಳಕು ಹರಡುವ ಬಿಳಿ ಛತ್ರಿಗಳನ್ನು ನನ್ನ ಸಾಮಾನು ಗಾಡಿಯಲ್ಲಿ ಹೊತ್ತು ತಿರುಗುವವನು ನಾನು. ಹಾಗಾಗಿ ಅವಳ ಕಥೆ ಹೇಳುವ ಹಕ್ಕು ನನಗಿರುವಷ್ಟು ಬೇರೆಯವರಿಗಿಲ್ಲ.

ನಾವು ಬೆಳೆದದ್ದು ಲಾಂಡ್ರಿಯಲ್ಲಿ. ಮುಂದೆ ಇಸ್ತ್ರಿ ಕೋಣೆ, ಹಿಂದೆ ಒಗೆಯುವ ಅಂಗಳ, ನಡುವಿನ ಒಂದು ಕೋಣೆ ನಮ್ಮ ಮನೆ. ಅಂಗಳದ ತುಂಬ ಹಗ್ಗ, ಹಗ್ಗದ ತುಂಬ ಬಟ್ಟೆ. ಅದರಲ್ಲಿ ನಮ್ಮದು ಅನ್ನುವಂಥದ್ದು ಮೂಲೆಯಲ್ಲಿ ನಾಲ್ಕು. ಅಕ್ಕ, ನಾನು ಕಣ್ಣಾಮುಚ್ಚಾಲೆ ಆಡಿದ್ದೆಲ್ಲ ಊರಿನವರ ಹೊದಿಕೆಗಳ ಮರೆಯಲ್ಲೇ. ಬಿಸಿಲು ಬಟ್ಟೆಯನ್ನು ಹಾದು ಬಂದರೆ ನೆರಳಿಗೂ ಬಣ್ಣ ಇರುತ್ತದೆ ಎಂದು ಅಕ್ಕ ಕಂಡುಕೊಂಡದ್ದು ಅಲ್ಲಿ. ಒದ್ದೆ ಹೊದಿಕೆ ಕೆನ್ನೆಗೆ ಬಡಿದರೆ ಉರಿಯುತ್ತದೆ ಎಂದು ನಾನು ಕಂಡುಕೊಂಡದ್ದೂ ಅಲ್ಲೇ.

ಅಮ್ಮನಿಗೆ ಒಂದೇ ಕಟ್ಟಳೆ. ಗಿರಾಕಿ ಬಟ್ಟೆ ಮೈಗೆ ತಾಗಬಾರದು. ಕೈಯಲ್ಲಿ ಹಿಡಿಯಬಹುದು, ಹೆಗಲ ಮೇಲೆ ಹೊರಬಹುದು, ಆದರೆ ಅದರ ತೋಳಿನೊಳಗೆ ನಮ್ಮ ತೋಳು ಹೋಗುವ ಹಾಗಿಲ್ಲ. ಒಂಬತ್ತು ವರ್ಷದವಳಿದ್ದಾಗ ಅಕ್ಕ ಯಾರದೋ ನೀಲಿ ಕೋಟು ತೊಟ್ಟು ಕನ್ನಡಿ ಮುಂದೆ ನಿಂತಿದ್ದಳು. ಅಮ್ಮ ನೋಡಿದಳು, ಹೊಡೆಯಲಿಲ್ಲ. ಕೋಟು ಬಿಚ್ಚಿಸಿ, ಮತ್ತೆ ಒಗೆದು, ಇಸ್ತ್ರಿ ಮಾಡಿ, ಅಕ್ಕನ ಕೈ ಹಿಡಿದು ಆ ಮನೆಗೇ ಕರೆದುಕೊಂಡು ಹೋಗಿ, "ನಾನು ಹಾಕ್ಕೊಂಡಿದ್ದೆ, ತಪ್ಪಾಯ್ತು" ಎಂದು ಅವಳ ಬಾಯಲ್ಲೇ ಹೇಳಿಸಿದಳು. ಅದರ ಬದಲು ಎರಡು ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು. ಅಕ್ಕ ದಾರಿಯುದ್ದಕ್ಕೂ ಅತ್ತಳು. ಮನೆಗೆ ಬಂದ ಮೇಲೆ ನನ್ನ ಕಿವಿಯಲ್ಲಿ ಮಾತ್ರ, "ಒಳಗಡೆ ತಣ್ಣಗಿತ್ತು ಕಣೋ, ನಾನು ಎಷ್ಟು ಎತ್ತರ ಕಾಣ್ತಿದ್ದೆ ಗೊತ್ತಾ" ಅಂದಳು.

ಫ್ಯಾಷನ್ ಫೋಟೋ ತೆಗೆಯುವ ಹುಚ್ಚು ಅವಳಿಗೆ ಆವತ್ತೇ ಹತ್ತಿತು ಅಂತ ನನ್ನ ಲೆಕ್ಕ. ಸ್ಟುಡಿಯೋ ಸೇರಿದ ಮೇಲೆ ಸ್ವಂತಕ್ಕೊಂದು ಕ್ಯಾಮೆರಾ ಕೊಂಡು, ರಜೆಯ ದಿನ ಅಂಗಳದಲ್ಲಿ ಹಗ್ಗದ ಮೇಲಿನ ಬಟ್ಟೆಗಳನ್ನೇ ತೆಗೆಯುತ್ತಿದ್ದಳು. ಒಳಗೆ ಮನುಷ್ಯರಿಲ್ಲದ ಅಂಗಿ, ಮನುಷ್ಯರಿಲ್ಲದ ಲಂಗ. "ದೆವ್ವದ ಮದುವೆ ಆಲ್ಬಮ್ಮಾ ಇದು?" ಎಂದು ನಾನು ರೇಗಿಸುತ್ತಿದ್ದೆ.

ಹೋದ ವರ್ಷ ಒಬ್ಬ ಮೇಡಂ ಪಾಸ್‌ಪೋರ್ಟ್ ಫೋಟೋಗೆಂದು ಸ್ಟುಡಿಯೋಗೆ ಬಂದರು. ತೆಳು ಹತ್ತಿಬಟ್ಟೆಯಲ್ಲಿ ಉಡುಪು ಮಾಡಿ ಮಾರುವವರು. ಅಕ್ಕ ಅವರ ಗಲ್ಲ ಎತ್ತಿಸುತ್ತಲೇ ಬಟ್ಟೆಯ ಬಗ್ಗೆ ಹತ್ತು ಪ್ರಶ್ನೆ ಕೇಳಿ, ಕೊನೆಗೆ ದೆವ್ವದ ಆಲ್ಬಮ್ ತೋರಿಸಿಯೇಬಿಟ್ಟಳು. ಮೇಡಂ ತಮ್ಮ ಹೊಸ ಉಡುಪುಗಳದ್ದೊಂದು ಚಿತ್ರಪುಸ್ತಕ ಮಾಡಿಸುವವರಿದ್ದರು. "ಒಂದು ದಿನ ಕೊಡ್ತೀನಿ, ನಿಮ್ಮ ಅಂಗಳದಲ್ಲೇ ತೆಗೀರಿ. ಸಂಜೆ ನೋಡ್ತೀನಿ. ಹಿಡಿಸಿದ್ರೆ ಪುಸ್ತಕ ನಿಮ್ಮದು, ಇಲ್ಲಾಂದ್ರೆ ದೊಡ್ಡ ಸ್ಟುಡಿಯೋದವರು ಹೇಗೂ ಇದ್ದಾರೆ" ಅಂದರು.

ಅಕ್ಕ ರಜೆ ಕೇಳಿದಳು. ಸ್ಟುಡಿಯೋ ಯಜಮಾನರು, "ಆ ಕಡೆ ಹೋದ್ರೆ ಮತ್ತೆ ಈ ಕಡೆ ಬರಬೇಡ" ಅಂದರು. ಅಕ್ಕ "ಸರಿ ಸಾರ್" ಎಂದು ಬೀಗದ ಕೈಯನ್ನು ಅವರ ಮೇಜಿನ ಮೇಲಿಟ್ಟು ಮನೆಗೆ ಬಂದಳು.

"ಸ್ವಲ್ಪ ಬೇಡ್ಕೊಬಾರದಿತ್ತೇನೇ?" ಅಂದೆ.

"ಹನ್ನೊಂದು ವರ್ಷ ಬೇರೆಯವರ ಗಲ್ಲ ಎತ್ತಿಸಿದ್ದೀನಿ. ಈಗ ನಂದು ಸ್ವಲ್ಪ ಎತ್ತುತೀನಿ, ಬಿಡು."

ಉಡುಪು ತೊಡುವುದಕ್ಕೆ ಅವಳ ಮನಸ್ಸಿನಲ್ಲಿದ್ದವರು ಅಮ್ಮ ಮತ್ತು ಅತ್ತೆ. ಅತ್ತೆ ಎಂದರೆ ಅಪ್ಪನ ತಂಗಿ. ಅಪ್ಪ ಹೋದ ಮೇಲೂ ಅಮ್ಮನ ಜೊತೆ ಅದೇ ಅಂಗಳದಲ್ಲಿ ಒಗೆಯುತ್ತ ಉಳಿದವಳು. ಅತ್ತೆ ಒಂದು ಕಾಲು ಹೊರಗಿಟ್ಟು ತಯಾರಾಗಿದ್ದಳು. ಅಮ್ಮ ಇಸ್ತ್ರಿ ಪೆಟ್ಟಿಗೆ ಕೆಳಗಿಡದೆಯೇ, "ತಲೆ ನೆಟ್ಟಗಿದೆಯಾ ನಿಂಗೆ? ಬೇರೆಯವರ ಬಟ್ಟೆ, ಅದೂ ಮಾರೋಕೆ ಇಟ್ಟಿರೋದು" ಎಂದು ಮಾತು ಮುಗಿಸಿದಳು. ಕೊನೆಗೆ ಮೇಡಂ ಎತ್ತರದ ಇಬ್ಬರು ಮಾಡೆಲ್ ಹುಡುಗಿಯರನ್ನು ಗೊತ್ತುಮಾಡಿದರು.

ಆ ದಿನ ಬೆಳಿಗ್ಗೆ ಹನ್ನೆರಡು ಉಡುಪುಗಳ ಗಂಟನ್ನು ಮೇಡಂ ಮನೆಯಿಂದ ತಂದವನು ನಾನು. ತಂದು ಎಲ್ಲಿಟ್ಟೆ? ಇಸ್ತ್ರಿ ಮೇಜಿನ ಪಕ್ಕ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ. ಇಟ್ಟವನು ಬಾಡಿಗೆ ದೀಪಗಳನ್ನು ತರಲು, ಹುಡುಗಿಯರನ್ನು ಕರೆತರಲು ಅಕ್ಕನ ಜೊತೆ ಹೊರಟುಹೋದೆ.

ಅಮ್ಮ ಗಂಟು ಬಿಚ್ಚಿ ನೋಡಿದ್ದಾಳೆ. ಒಂದೊಂದು ಬಟ್ಟೆಯೂ ಹಿಂಡಿ ಮೂಲೆಗೆಸೆದ ಹಾಗೆ ಮುದುಡಿದೆ. ಇಂಥದ್ದನ್ನು ತೊಡಿಸಿ ಫೋಟೋ ತೆಗೆದರೆ ಮಗಳ ಮಾನ ಹೋಗುವುದಿಲ್ಲವೇ? ಅಮ್ಮ ಒಂದು ಪೆಟ್ಟಿಗೆ ಹಿಡಿದಳು, ಅತ್ತೆ ಇನ್ನೊಂದು. ಒಂದೂವರೆ ಗಂಟೆ ಬಿಟ್ಟು ನಾವು ಮೇಡಂ ಸಮೇತ ಬಂದಾಗ ಹನ್ನೆರಡೂ ಉಡುಪು ಸಾಲಾಗಿ ತೂಗುತ್ತಿದ್ದವು. ಅಂಥ ಇಸ್ತ್ರಿಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಮೇಡಂ ಮುಖದಲ್ಲಿ ರಕ್ತವೇ ಇರಲಿಲ್ಲ. ಆ ಮುದುಡೇ ಅವರ ವಿನ್ಯಾಸ. ಬಟ್ಟೆಯನ್ನು ನೆನೆಸಿ, ಹಗ್ಗದಂತೆ ಹೊಸೆದು, ಕಟ್ಟಿ, ಎರಡು ದಿನ ನೆರಳಿನಲ್ಲಿ ಒಣಗಿಸಿ ತಂದ ಸುಕ್ಕು ಅದು. ಜನ ಕಾಸು ಕೊಡುತ್ತಿದ್ದದ್ದೇ ಅದಕ್ಕೆ. ಅಮ್ಮನಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಪೆಟ್ಟಿಗೆಯ ಪ್ಲಗ್ ಕಿತ್ತು, ಕೈಕಟ್ಟಿ ನಿಂತಳು. ಗಿರಾಕಿಯೊಬ್ಬರ ಮುಂದೆ ಅವಳು ಹಾಗೆ ನಿಂತದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

"ಸಾಕು. ಗಂಟು ಕಟ್ಟಿ" ಅಂದರು ಮೇಡಂ.

ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಇವತ್ತಿನ ದಿನ ನಂದು ಅಂದಿದ್ರಿ ಮೇಡಂ. ಸಂಜೆಗೆ ಇನ್ನೂ ಎಂಟು ಗಂಟೆ ಇದೆ."

"ಸುಕ್ಕೇ ಇಲ್ಲದ ಮೇಲೆ ಏನು ತೆಗೀತೀರಿ?"

ಅಮ್ಮ ಕಟ್ಟಿದ ಕೈ ಬಿಚ್ಚಿದಳು. "ಎರಡು ದಿನ ಯಾಕೆ ಬೇಕು? ಹಿಂಡಿ ಕಟ್ಟಿ ಬಿಸಿಲಿಗಿಟ್ರೆ ಮಧ್ಯಾಹ್ನಕ್ಕೆ ಅರೆ ಒಣಗುತ್ತೆ. ಮಿಕ್ಕಿದ್ದು ಮೈಮೇಲೆ ಒಣಗಬೇಕು. ಮೈಮೇಲೆ ಒಣಗಿದ ಬಟ್ಟೆ ಹಿಡಿಯೋ ಸುಕ್ಕನ್ನ ಯಾವ ಹಗ್ಗವೂ ಹಿಡಿಯಲ್ಲ. ಜೀವಮಾನವೆಲ್ಲ ಅದನ್ನ ಬಿಡಿಸೋಕೇ ಒದ್ದಾಡಿದ್ದೀನಿ, ನಂಗೊತ್ತಿಲ್ವಾ?"

ಮೇಡಂ ಸಂಜೆ ಬಂದು ನೋಡುತ್ತೇನೆಂದು ಹೊರಟರು, ಹನ್ನೆರಡನ್ನೂ ನೆನೆಸಿ ಹಿಂಡಿ ಕಟ್ಟಿ ಬಿಸಿಲಿಗಿಟ್ಟದ್ದಾಯಿತು. ಹುಡುಗಿಯರು ಒದ್ದೆ ಬಟ್ಟೆ ತೊಡಲು ಒಪ್ಪಲಿಲ್ಲ. ನಾಳೆ ಬೇರೆ ಕಡೆ ಕೆಲಸ, ಶೀತವಾದರೆ ಯಾರು ಹೊಣೆ ಅಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಅವರನ್ನು ನಾನೇ ಗಾಡಿಯಲ್ಲಿ ಬಿಟ್ಟುಬಂದೆ. ವಾಪಸು ಬಂದು ನೋಡಿದರೆ ಅಮ್ಮ ಅಂಗಳದಲ್ಲಿ ನಿಂತು ಅತ್ತೆಗೆ ಹೇಳುತ್ತಿದ್ದಳು, "ಹೇಗೆ ಬಂತೋ ಹಾಗೇ ವಾಪಸು ಕೊಡಬೇಕು. ಕೆಡಿಸಿದವರು ನಾವು. ನಾವೇ ಹಾಕ್ಕೋಬೇಕು."

ಗಿರಾಕಿ ಬಟ್ಟೆಯನ್ನು ಮುಟ್ಟಿ ಗೊತ್ತೇ ಹೊರತು ತೊಟ್ಟು ಗೊತ್ತಿಲ್ಲದ ಅಮ್ಮ, ಅರವತ್ತೆರಡನೇ ವಯಸ್ಸಿನಲ್ಲಿ ಅರೆ ಒಣಗಿದ ಹಳದಿ ಉದ್ದಂಗಿ ತೊಟ್ಟು ಹೊರಗೆ ಬಂದಳು. ಅತ್ತೆ ಹಸಿರಿನದು ಏರಿಸಿ, "ನನ್ನ ಸೊಂಟ ಒಂದೇ ಫೋಟೋದಲ್ಲಿ ಹಿಡಿಸುತ್ತೇನೇ, ಇಲ್ಲಾ ಎರಡು ಬೇಕಾ?" ಎಂದು ಕೇಳಿದಳು. ಅಮ್ಮ ಮಾತ್ರ ಗಲ್ಲ ಎತ್ತಿ, ಉಸಿರು ಕಟ್ಟಿ, ಕಣ್ಣು ಮಿಟುಕಿಸದೆ ನಿಂತುಬಿಟ್ಟಳು.

"ಅಮ್ಮ, ನಿಲ್ಲಬೇಡ. ಕೆಲಸ ಮಾಡು" ಅಂದಳು ಅಕ್ಕ.

ಕೆಲಸ ಅಂದಮೇಲೆ ಅಮ್ಮನಿಗೆ ಬೇರೆ ಏನೂ ಕಾಣುವುದಿಲ್ಲ. ಒದ್ದೆ ಹೊದಿಕೆಯ ಒಂದು ತುದಿ ಅವಳು ಹಿಡಿದಳು, ಇನ್ನೊಂದು ಅತ್ತೆ, ಇಬ್ಬರೂ ಎದುರುಬದುರು ತಿರುಚಿದರು. ಬಗ್ಗಿದರು, ಕೊಡವಿದರು, ಹಗ್ಗಕ್ಕೆ ಎಸೆದರು. ಉಡುಪುಗಳು ಒಂದಾದ ಮೇಲೊಂದು ಬದಲಾದವು. ಮೊಣಕೈ ಮಡಚಿದ ಕಡೆ, ನಡು ಬಳಸಿದ ಕಡೆ ಬಟ್ಟೆ ಸುಕ್ಕು ಹಿಡಿಯುತ್ತ ಹೋಯಿತು. ನಾನು ಸ್ಟೂಲಿನ ಮೇಲೆ ನಿಂತು ಬಿಳಿ ಛತ್ರಿ ಹಿಡಿದಿದ್ದೆ. ಕೈ ಸ್ವಲ್ಪ ಇಳಿದರೆ ಸಾಕು, ಅಕ್ಕ ಗದರುತ್ತಿದ್ದಳು. ಊಟಕ್ಕೂ ಬಿಡಲಿಲ್ಲ, ಪುಣ್ಯಾತ್ಗಿತ್ತಿ.

ಸಂಜೆ ಮೇಡಂ ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದೇ ಚಿತ್ರ ನೋಡಿದರು. "ಪುಸ್ತಕ ನಿಮ್ಮದೇ" ಅಂದರು ಕೊನೆಗೆ. "ಈ ಅಂಗಳ, ಈ ಬೆಳಕು ಹೀಗೇ ಇರಲಿ. ಆದ್ರೆ ಇನ್ನೊಂದು ದಿನ ಆ ಹುಡುಗಿಯರನ್ನ ನಿಲ್ಲಿಸಿ ಇದನ್ನೇ ಮತ್ತೆ ತೆಗೀರಿ. ಇವರನ್ನ ನೋಡಿ ಯಾರು ಕೊಂಡ್ಕೋತಾರೆ ಹೇಳಿ?"

ಹೂಂ ಅನ್ನೇ ತಾಯಿ ಎಂದು ನಾನು ಮೇಜಿನಡಿ ಅಕ್ಕನ ಕಾಲು ತುಳಿದೆ. ಕೆಲಸ ಬಿಟ್ಟಿದ್ದಾಳೆ, ಕೈಗೆ ಬಂದದ್ದನ್ನು ಬಿಡುವ ಹೊತ್ತೇ ಇದು? ಅಮ್ಮನೂ, "ಅವರು ಹೇಳೋದು ಸರಿ ಕಣೇ. ನಂದು ತೆಗೆದುಹಾಕು" ಅಂದಳು.

"ನೀನು ಸುಮ್ನಿರಮ್ಮ. ಬಟ್ಟೆ ವಿಷಯ ನಿಂದು, ಫೋಟೋ ವಿಷಯ ನಂದು." ಅಕ್ಕ ಮೇಡಂ ಕಡೆ ತಿರುಗಿದಳು. "ಈ ಸುಕ್ಕು ಬಂದಿದ್ದು ಇವರ ಮೈಯಿಂದ. ಇವರು ಬೇಡ ಅಂದ್ರೆ ಪುಸ್ತಕ ನಂಗೂ ಬೇಡ ಮೇಡಂ."

ಮೇಡಂ ನಾಳೆ ಹೇಳುತ್ತೇನೆಂದು ಎದ್ದು ಹೋದರು. ನಾನು ಬಾಯಿಗೆ ಬಂದ ಹಾಗೆ ಬೈದೆ. ಅಕ್ಕ ಕೇಳಿಸಿಕೊಂಡಳು, ವಾದ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಇಸ್ತ್ರಿ ಕೋಣೆಯ ಒಂದು ಮೂಲೆ ಗುಡಿಸಿ, ಗೋಡೆಗೆ ಬಿಳಿ ಬಟ್ಟೆ ಹೊಡೆದು, ಇಲ್ಲೇ ಸ್ವಂತ ಪಾಸ್‌ಪೋರ್ಟ್ ಫೋಟೋ ಶುರು ಎಂದು ಬೋರ್ಡು ಬರೆಯಲು ಕೂತಳು. ಬೋರ್ಡು ಅರ್ಧ ಆಗಿತ್ತು, ಮೇಡಂ ಫೋನು ಬಂತು. ಹಳದಿ ಉದ್ದಂಗಿಯ ಮೊಣಕೈ ಮಡಿಕೆಯನ್ನೇ ಮತ್ತೆ ಮತ್ತೆ ನೋಡಿದರಂತೆ. ಚಿತ್ರಗಳು ಇದ್ದ ಹಾಗೇ ಅಚ್ಚಿಗೆ ಹೋಗಲಿ ಅಂದರು. ಅಕ್ಕ "ಆಯ್ತು ಮೇಡಂ" ಎಂದು ಫೋನಿಟ್ಟು ಬೋರ್ಡಿನ ಉಳಿದರ್ಧವನ್ನೂ ಬರೆದಳು.

ಪುಸ್ತಕ ಬಂದದ್ದು ಮೂರು ತಿಂಗಳಿಗೆ. ಅತ್ತೆ ತನ್ನ ಪ್ರತಿಯನ್ನು ಬೀದಿಗೆಲ್ಲ ತೋರಿಸಲು ಆಗಲೇ ಕಿತ್ತುಕೊಂಡು ಓಡಿದ್ದಳು. ಅಮ್ಮ ಕೈ ಒರೆಸಿಕೊಂಡು ಮೊದಲ ಪುಟ ತೆರೆದಳು. ಹೊದಿಕೆಗಳ ನಡುವೆ ಹಳದಿ ಉದ್ದಂಗಿಯ ಹೆಂಗಸೊಬ್ಬಳು ಒದ್ದೆ ಬಟ್ಟೆಯನ್ನು ಕೊಡವುತ್ತಿದ್ದಾಳೆ, ಮುಖದ ತುಂಬ ಬೆಳಕು. ಅಮ್ಮ ಉದ್ದಂಗಿಯ ಮೊಣಕೈ ಸುಕ್ಕನ್ನು ಬೆರಳಿನಿಂದ ಸವರಿದಳು. ಆಮೇಲೆ ಅವಳ ದನಿಯಲ್ಲಿ ದೂರು ಇತ್ತು.

"ಇಷ್ಟು ವರ್ಷದಿಂದ ಊರೋರ ಫೋಟೋ ಎಲ್ಲಾ ತೆಗೀತಿದ್ದೀಯ. ನಂದು ಒಂದಾದ್ರೂ ತೆಗೆದ್ಯಾ?"

"ಪ್ರತಿ ವರ್ಷ ಕರೆದಿದ್ದೀನಿ" ಅಂದಳು ಅಕ್ಕ. "ಒಳ್ಳೆ ಬಟ್ಟೆ ಇಲ್ಲ ಅಂತ ನೀನೇ ತಪ್ಪಿಸ್ಕೋತಿದ್ದೆ."

"ಇರಲಿಲ್ಲ ಕಣೇ" ಅಂದಳು ಅಮ್ಮ.