ಬೀಗ ತೆಗೆಸಿದ ಡಾಕ್ಟರಮ್ಮ

ಯಾರಾದರೂ ಲಸಿಕೆ ದಂಡ ಎಂದರೆ ನಮ್ಮ ಡಾಕ್ಟರಮ್ಮ ಕನ್ನಡಕವನ್ನು ಹಣೆಗೇರಿಸಿ, "ಒಳಗೆ ಎಷ್ಟು ವೈರಸ್ ಹೊಕ್ಕಿದೆ, ಅದನ್ನ ಮೊದ್ಲು ಕೇಳಿ ಮಾರಾಯ್ರೆ" ಎನ್ನುತ್ತಿದ್ದರು.

ಕೊರೊನಾ ಕಾಲದಲ್ಲಿ ನಾನು ಮೂಡಿಗೆರೆ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಕೂಲಿಯವರ ಸಾಲುಮನೆಗಳಿದ್ದ ಲೈನಿನ ಒಂದೇ ಕೋಣೆಯಲ್ಲಿ ಎರಡು ಸಂಸಾರಗಳು ಕೆಮ್ಮುತ್ತಾ ಮಲಗಿದ್ದವು. ಅವರೆಲ್ಲರ ಆರೈಕೆ ಮಾಡಿದ ಹೆಂಗಸಿಗೂ ಜ್ವರ ಬಂತು. ಅವಳು ಎರಡೂ ಡೋಸ್ ಹಾಕಿಸಿಕೊಂಡಿದ್ದಳು. ನೋಡಲು ಬಂದ ಡಾಕ್ಟರಮ್ಮನಿಗೆ ಎಸ್ಟೇಟಿನ ಸಾಹುಕಾರರು ಅಂಗಳದಿಂದಲೇ, "ಇವ್ರ ರಕ್ತದಲ್ಲೇ ಶಕ್ತಿ ಇಲ್ಲ. ಇಂಜೆಕ್ಷನ್ ಹಾಕ್ಸಿ ಏನು ಬಂತು?" ಎಂದರು.

ಕನ್ನಡಕ ಹಣೆಗೇರಿತು. "ಶಕ್ತಿ ಇಲ್ವಾ? ವೈರಸ್ಸಿನ ಗುರುತು ಹಿಡಿಯೋದನ್ನ ಲಸಿಕೆ ಇವಳ ರಕ್ತದಲ್ಲಿ ಕಾವಲಿರೋ ಟಿ-ಕೋಶಗಳಿಗೆ ಕಲಿಸಿದೆ. ಅವು ಎದ್ದು ಹೋರಾಡ್ತಾ ಇವೆ. ವೈರಸ್ ಹೊರೆ ಹೆಚ್ಚಿದಷ್ಟೂ ಅವಕ್ಕೆ ಕೆಲ್ಸ ಹೆಚ್ಚು. ಈ ಗೂಡಲ್ಲಿ ಎಲ್ರ ಉಸಿರನ್ನೂ ಇವಳೇ ಕುಡಿದ್ರೆ ಹೊರೆ ಎಷ್ಟಾಗ್ಬೇಡ? ಇವ್ರನ್ನ ಬೇರೆ ಬೇರೆ ಮಲಗಿಸ್ಬೇಕು. ಕಾಟೇಜಿನ ಬೀಗ ತೆಗೆಸಿ."

ದೇವರಮನೆ ಬೆಟ್ಟ ನೋಡಲು ಬರುವ ಪ್ರವಾಸಿಗರಿಗೆಂದು ಕಟ್ಟಿಸಿದ ಕಾಟೇಜುಗಳು ಆಗ ಖಾಲಿ ಬಿದ್ದಿದ್ದವು.

"ಅದು ಗೆಸ್ಟುಗಳಿಗೆ, ಡಾಕ್ಟ್ರೇ," ಎಂದರು ಸಾಹುಕಾರರು.

ಡಾಕ್ಟರಮ್ಮ ಆ ಹೆಂಗಸಿನ ಚಾಪೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಅವಳ ಕೈ ಹಿಡಿದು ನಡೆಸಿಕೊಂಡು ಹೋಗಿ ಕಾಟೇಜಿನ ಜಗುಲಿಯಲ್ಲಿ ಮಲಗಿಸಿದರು. ತಾವೂ ಬಾಗಿಲಿಗೆ ಒರಗಿ ಕೂತುಬಿಟ್ಟರು. ಕೆಲಸ ಬಿಟ್ಟು ಜನ ಸೇರತೊಡಗಿದ ಮೇಲೆ ಬೀಗದಕೈ ಬಂತು.

ಕಾಟೇಜುಗಳಲ್ಲಿ ಬೇರೆ ಬೇರೆ ಮಲಗಿ ಎಲ್ಲರೂ ಚೇತರಿಸಿಕೊಂಡರು. ಮತ್ತೆ ಅದೇ ಕೋಣೆಗೆ ಮರಳಿದರು. "ನಮ್ಮ ಎಸ್ಟೇಟಲ್ಲಿ ಲಸಿಕೆ ಚೆನ್ನಾಗಿ ಕೆಲ್ಸ ಮಾಡ್ತು," ಎಂದು ಸಾಹುಕಾರರು ಹೆಮ್ಮೆಪಟ್ಟರು.

"ಲಸಿಕೆ ತನ್ನ ಕೆಲ್ಸ ಮಾಡ್ತು," ಎಂದರು ಡಾಕ್ಟರಮ್ಮ. "ಲೈನಿನ ಗೋಡೆಗೆ ಕಿಟಕಿ ಇಡಿಸೋದು ಯಾರ ಕೆಲ್ಸ?"

ಆ ಗೋಡೆಗೆ ಇವತ್ತಿಗೂ ಕಿಟಕಿ ಇಲ್ಲ.